ಹೊಳೆಗೂ ಒಂದು ಪಾಲು

(ಘಟಪ್ರಭೆಯ ಅಣೆಕಟ್ಟುಗಳ ಲಾಭ ಮತ್ತು ನದಿಯ ಆರೋಗ್ಯ ಕುರಿತ ಉಪನ್ಯಾಸದ ಪಠ್ಯ)



ಗೋಕಾಕ ಜಲಪಾತವನ್ನು ಆಗಸ್ಟ್ ತಿಂಗಳಲ್ಲಿ ನೋಡಿದವರಿಗೆ ಏಪ್ರಿಲ್ ತಿಂಗಳಲ್ಲಿ ಅದರ ಗುರುತು ಸಿಗುವುದು ಕಷ್ಟ. ಮಳೆಗಾಲದಲ್ಲಿ ಕೆಂಪು ನೀರು ಕುದುರೆ ಲಾಳದ ಆಕಾರದ ಬಂಡೆಯ ಅಂಚು ದಾಟಿ 52 ಮೀಟರ್ ಕೆಳಗೆ ಧುಮುಕುವಾಗ, ತೂಗುಸೇತುವೆಯ ಮೇಲೆ ನಿಂತವರ ಮಾತು ಪಕ್ಕದಲ್ಲಿದ್ದವರಿಗೆ ಕೇಳಿಸದು. ಬೇಸಿಗೆಯಲ್ಲಿ ಅದೇ ಸೇತುವೆಯ ಕೆಳಗೆ ಕಾಣುವುದು ಕಾದ ಬಂಡೆ, ಅಲ್ಲಲ್ಲಿ ನಿಂತ ಮಡುವಿನ ನೀರು. ದೂರದ ಊರಿನಿಂದ ಮಕ್ಕಳನ್ನು ಕರೆದುಕೊಂಡು ಬಂದವರು 'ಇದೇನಾ ಜಲಪಾತ' ಎಂದು ಕೇಳಿ ಮರಳುವುದುಂಟು.

ಮಳೆಯನ್ನೇ ನಂಬಿದ ಹೊಳೆ ಬೇಸಿಗೆಯಲ್ಲಿ ಸಣ್ಣದಾಗುವುದು ಪ್ರಕೃತಿಯ ನಿಯಮ. ಅಣೆಕಟ್ಟು ಕಟ್ಟುವ ಮೊದಲೂ ಘಟಪ್ರಭೆ ಏಪ್ರಿಲ್‌ನಲ್ಲಿ ತುಂಬಿ ಹರಿಯುತ್ತಿರಲಿಲ್ಲ. ಆದರೆ ಸಣ್ಣದಾಗುವುದು ಬೇರೆ, ನಿಂತುಹೋಗುವುದು ಬೇರೆ. ಈ ಎರಡರ ನಡುವಿನ ವ್ಯತ್ಯಾಸ ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ಉತ್ತರ ದೂರದಲ್ಲಿಲ್ಲ. ಅದು ಹುಕ್ಕೇರಿಯ ಜಲಾಶಯದಲ್ಲಿದೆ, ಗೋಕಾಕದ ಕಾಲುವೆಯಲ್ಲಿದೆ, ಮೂಡಲಗಿಯ ಕಬ್ಬಿನ ಗದ್ದೆಯಲ್ಲಿದೆ, ಬೆಳಗಾವಿಯ ಮನೆಯ ನಲ್ಲಿಯಲ್ಲಿದೆ. ಅಂದರೆ ನೀರು ವ್ಯರ್ಥವಾಗಿಲ್ಲ. ಮನುಷ್ಯನ ಕೆಲಸಕ್ಕೆ ಬಂದಿದೆ. ಪ್ರಶ್ನೆ ಇಷ್ಟೇ: ಎಲ್ಲರಿಗೂ ಪಾಲು ಹಂಚಿದ ಮೇಲೆ ಹೊಳೆಗೆ ಉಳಿದ ಪಾಲೆಷ್ಟು?

ಅಣೆಕಟ್ಟು ಬೇಕೋ ಬೇಡವೋ ಎಂಬ ವಾದ ಈ ಭಾಗದಲ್ಲಿ ಎಂದೋ ಮುಗಿದಿದೆ. ಇರುವ ಅಣೆಕಟ್ಟನ್ನು ಹೇಗೆ ನಡೆಸಬೇಕು ಎಂಬ ವಿಚಾರ ಮಾತ್ರ ಇನ್ನೂ ಸರಿಯಾಗಿ ಆರಂಭವಾಗಿಲ್ಲ.

ಮೂರು ತಾಲ್ಲೂಕು, ಒಂದು ಹೊಳೆ

ಘಟಪ್ರಭೆ ಹುಟ್ಟುವುದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಸಹ್ಯಾದ್ರಿಯಲ್ಲಿ. ಅಲ್ಲಿಂದ ಪೂರ್ವಕ್ಕೆ 283 ಕಿ.ಮೀ. ಹರಿದು, ಬೆಳಗಾವಿ ಜಿಲ್ಲೆಯನ್ನು ದಾಟಿ, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ತಾಮ್ರಪರ್ಣಿ, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ಇದರ ಮುಖ್ಯ ಉಪನದಿಗಳು.

ಈ ನದಿಯ ಸ್ವಭಾವವನ್ನು ತಿಳಿಯಲು ಮಳೆಯ ಲೆಕ್ಕವೊಂದು ಸಾಕು. ಹಿರಣ್ಯಕೇಶಿ ಹುಟ್ಟುವ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಸುರಿಯುತ್ತದೆ. ಗೋಕಾಕದ ಬಯಲಿಗೆ ಬಂದರೆ ಅದು 500-600 ಮಿ.ಮೀ. ಮೀರುವುದು ಅಪರೂಪ. ನೂರು ಕಿ.ಮೀ. ಸುಮಾರಿನ ಅಂತರದಲ್ಲಿ ಮಳೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಘಟ್ಟದಲ್ಲಿ ನಾಲ್ಕು ತಿಂಗಳು ಬಿದ್ದದ್ದನ್ನು ಹಿಡಿದಿಟ್ಟು ಬಯಲಿಗೆ ಹನ್ನೆರಡು ತಿಂಗಳು ಕೊಡಬೇಕೆಂಬ ಆಸೆ ಮನುಷ್ಯನಿಗೆ ಬಂದದ್ದು ಸಹಜವೇ ಆಗಿದೆ.

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳು ಈ ಆಸೆಯ ಮೂರು ಮೆಟ್ಟಿಲುಗಳಿದ್ದಂತೆ. ಹುಕ್ಕೇರಿ ತಾಲ್ಲೂಕು ನೀರನ್ನು ಹಿಡಿದಿಡುತ್ತದೆ. ಗೋಕಾಕ ಅದನ್ನು ತಿರುಗಿಸುತ್ತದೆ. 2018ರವರೆಗೆ ಗೋಕಾಕ ತಾಲ್ಲೂಕಿನ ಭಾಗವೇ ಆಗಿದ್ದ ಮೂಡಲಗಿ ಅದನ್ನು ಕುಡಿದು ಬೆಳೆಯುತ್ತದೆ. ಲಾಭವೂ ಹಾನಿಯೂ ಇದೇ ಕ್ರಮದಲ್ಲಿ ಮೆಟ್ಟಿಲಿಳಿದು ಬಂದಿವೆ.

ನೂಲಿನ ಗಿರಣಿ, ಧೂಪದಾಳದ ಒಡ್ಡು

ಘಟಪ್ರಭೆಯನ್ನು ದುಡಿಸಿಕೊಳ್ಳುವ ಕೆಲಸ ಸ್ವಾತಂತ್ರ್ಯಾನಂತರದ್ದಲ್ಲ. 1876-78ರ ಭೀಕರ ಬರ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳನ್ನು ಹಿಂಡಿಹಾಕಿತ್ತು. ಬರದ ಆ ನೆನಪು ಮಾಸುವ ಮೊದಲೇ ಗೋಕಾಕದ ಬಳಿ ನದಿಗೆ ಎರಡು ಕೆಲಸಗಳು ಬಿದ್ದವು. 1885ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ಜಲಪಾತದ ಇಳಿಜಾರಿನ ಶಕ್ತಿಯನ್ನೇ ನೆಚ್ಚಿ ನೂಲಿನ ಗಿರಣಿ ಕಟ್ಟಿತು. 1887ರಲ್ಲಿ ಅಲ್ಲಿ ನೂಲು ತೆಗೆಯುವುದು ಆರಂಭವಾಯಿತು. ಕಲ್ಲಿದ್ದಲಿನ ಗಣಿಗಳಿಂದ ಬಹು ದೂರದಲ್ಲಿದ್ದ ಊರಿನಲ್ಲಿ, ಬೀಳುವ ನೀರೇ ಯಂತ್ರಗಳನ್ನು ತಿರುಗಿಸಿತು. ಬಂಡೆಗಳ ನಡುವಿನ ಒಣ ಪ್ರದೇಶದಲ್ಲಿ ಸಾವಿರಾರು ಮನೆಗಳ ಒಲೆ ಉರಿದದ್ದು ಈ ನೀರಿನಿಂದ.

ಎರಡನೆಯದು, ಜಲಪಾತಕ್ಕಿಂತ ಮೇಲೆ ಧೂಪದಾಳದಲ್ಲಿ ಕಟ್ಟಿದ ಕಲ್ಲಿನ ಒಡ್ಡು. ಅದರಿಂದ ಹೊರಟ 71 ಕಿ.ಮೀ. ಉದ್ದದ ಎಡದಂಡೆ ಕಾಲುವೆ 1897ರಲ್ಲಿ ಪೂರ್ಣಗೊಂಡಿತು. ಇದೇ ಘಟಪ್ರಭಾ ಯೋಜನೆಯ ಮೊದಲ ಹಂತ. ಮಳೆ ಕೈಕೊಟ್ಟ ವರ್ಷವೂ ಜೋಳದ ತೆನೆ ಕಾಣಬಹುದೆಂಬ ಧೈರ್ಯ ಬಯಲಿಗೆ ಬಂದದ್ದು ಆ ನಂತರ.

ಗಮನಿಸಬೇಕಾದ ಸಂಗತಿ ಎಂದರೆ, ಧೂಪದಾಳದ್ದು ತಗ್ಗಿನ ಒಡ್ಡು. ಅದು ನೀರನ್ನು ತಿರುಗಿಸುತ್ತಿತ್ತೇ ಹೊರತು ಇಡೀ ಮಳೆಗಾಲದ ನೀರನ್ನು ಹಿಡಿದಿಡುತ್ತಿರಲಿಲ್ಲ. ಮಹಾಪೂರ ಬಂದಾಗ ನೀರು ಅದರ ತಲೆಯ ಮೇಲಿಂದ ಹರಿದು ಹೋಗುತ್ತಿತ್ತು. ಹೊಳೆಯ ವಾರ್ಷಿಕ ಏರಿಳಿತ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು.

ಹಿಡಕಲ್ ಕೊಟ್ಟದ್ದು

ಆ ಏರಿಳಿತ ಬದಲಾದದ್ದು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ದೊಡ್ಡ ಅಣೆಕಟ್ಟು ಎದ್ದ ಮೇಲೆ. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ ಅವರ ಹೆಸರನ್ನು ಹೊತ್ತ ಈ ಜಲಾಶಯ 1970ರ ದಶಕದಲ್ಲಿ ರೂಪು ಪಡೆಯಿತು. ಗರಿಷ್ಠ ಮಟ್ಟ 2175 ಅಡಿ, ಸಂಗ್ರಹ ಸಾಮರ್ಥ್ಯ 51 ಟಿಎಂಸಿ ಅಡಿ, ಹತ್ತು ಕ್ರೆಸ್ಟ್ ಗೇಟುಗಳು. ಎಡದಂಡೆ ಕಾಲುವೆ 109 ಕಿ.ಮೀ.ಗೆ ಬೆಳೆಯಿತು, ಬಲದಂಡೆಗೆ 202 ಕಿ.ಮೀ. ಉದ್ದದ ಕಾಲುವೆ, ಚಿಕ್ಕೋಡಿ ಕಡೆಗೆ 86 ಕಿ.ಮೀ. ಶಾಖಾ ಕಾಲುವೆ ಯೋಜನೆಗೆ ಸೇರಿದವು. ಮೂರೂ ಹಂತಗಳನ್ನು ಕೂಡಿಸಿದರೆ ನೀರಾವರಿಯ ಗುರಿ ಮೂರು ಲಕ್ಷ ಹೆಕ್ಟೇರಿಗೂ ಹೆಚ್ಚು. ಅಣೆಕಟ್ಟೆಯ ಬುಡದಲ್ಲಿ 32 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಬೆಳಗಾವಿ ನಗರದ ಕುಡಿಯುವ ನೀರಿಗೂ ಹಿಡಕಲ್ ಆಧಾರ.

ಈ ಲಾಭವನ್ನು ಸಣ್ಣದೆನ್ನುವವರು ಐವತ್ತು ವರ್ಷದ ಹಿಂದಿನ ಬೇಸಿಗೆಯನ್ನು ಮರೆತವರು. ಕೆಲಸ ಹುಡುಕಿ ಗುಳೆ ಹೋಗುತ್ತಿದ್ದ ಊರುಗಳು ಇಂದು ಕಬ್ಬು ಕಡಿಯಲು ಹೊರಗಿನಿಂದ ಆಳುಗಳನ್ನು ಕರೆಸುತ್ತವೆ. ಮಕ್ಕಳ ಓದು, ಮನೆಯ ಹೆಂಚು, ಮಗಳ ಮದುವೆ ಇವೆಲ್ಲದರ ಹಿಂದೆ ಕಾಲುವೆಯ ನೀರಿದೆ. ನದಿಯ ಆರೋಗ್ಯದ ಮಾತನ್ನಾಡುವಾಗ ಈ ಸತ್ಯವನ್ನು ಬದಿಗಿಟ್ಟರೆ ರೈತ ಆ ಮಾತನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಆದರೆ ಬೆಲೆ ತೆತ್ತವರೂ ಇದ್ದಾರೆ. ಹುನ್ನೂರಿನ ವಿಠ್ಠಲ ದೇವಸ್ಥಾನ ವರ್ಷದ ಬಹುಪಾಲು ಹಿಡಕಲ್ ಹಿನ್ನೀರಿನಲ್ಲಿ ಮುಳುಗಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿನ ಕಂಬ, ಗೋಡೆಗಳು ಮೇಲೆ ಕಾಣುತ್ತವೆ. ಜನ ಹೋಗಿ ಕೈಮುಗಿದು ಬರುತ್ತಾರೆ. ನೋಡಲು ಬಂದವರಿಗೆ ಅದೊಂದು ಅಚ್ಚರಿ. ಆದರೆ ಅದರ ಸುತ್ತ ಮನೆ, ಹೊಲ ಇದ್ದವರಿಗೆ ಅದು ಬಿಟ್ಟುಬಂದ ಊರು. ಯೋಜನೆಯ ಲಾಭ ಒಂದು ಕಡೆ, ಬೆಲೆ ಇನ್ನೊಂದು ಕಡೆ ಬೀಳುತ್ತದೆ ಎಂಬುದಕ್ಕೆ ಈ ದೇವಸ್ಥಾನಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೊಳೆ ಕಳೆದುಕೊಂಡದ್ದು

ಊರು ಬಿಟ್ಟವರ ಹೆಸರು ಕಡತದಲ್ಲಾದರೂ ಇರುತ್ತದೆ. ಹೊಳೆ ಕಳೆದುಕೊಂಡದ್ದನ್ನು ಯಾವ ಕಡತವೂ ಬರೆದಿಡುವುದಿಲ್ಲ.

ನದಿ ಎಂದರೆ ನೀರಿನ ಪ್ರಮಾಣ ಮಾತ್ರವಲ್ಲ, ನೀರಿನ ಕಾಲವೂ ಹೌದು. ಜೂನ್ ತಿಂಗಳಲ್ಲಿ ಮೊದಲ ಕೆಂಪು ನೀರು ಬಂದಾಗ ಹಲವು ಜಾತಿಯ ಮೀನುಗಳು ಮೊಟ್ಟೆಯಿಡಲು ಹೊರಡುತ್ತವೆ. ನೀರು ಏರಿದ್ದು, ತಣ್ಣಗಾದದ್ದು, ರಾಡಿಯಾದದ್ದು ಇವೇ ಅವುಗಳಿಗೆ ಸೂಚನೆ. ದಂಡೆಯ ಮೇಲೆ ಹರಡಿದ ಆಳವಿಲ್ಲದ ನೀರು ಮರಿಗಳ ತೊಟ್ಟಿಲು. ದೊಡ್ಡ ಜಲಾಶಯ ಜೂನ್, ಜುಲೈ ತಿಂಗಳ ನೀರನ್ನು ಮೊದಲು ತನ್ನ ಹೊಟ್ಟೆಗೆ ತುಂಬಿಕೊಳ್ಳುತ್ತದೆ. ಅದು ತುಂಬಿದ ಮೇಲೆ ಗೇಟು ತೆರೆದಾಗ ಕೆಳಗಿನ ಹೊಳೆಗೆ ಒಮ್ಮೆಲೇ ಪ್ರವಾಹ ಬರುತ್ತದೆ. ಮೀನಿನ ಪಂಚಾಂಗವೇ ಬೇರೆ, ಗೇಟಿನ ವೇಳಾಪಟ್ಟಿಯೇ ಬೇರೆ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮೀನಿನ ದಾರಿಗೆ ಗೋಡೆ ಕಟ್ಟಿದ್ದು ಮನುಷ್ಯನೊಬ್ಬನೇ ಅಲ್ಲ. 52 ಮೀಟರ್ ಎತ್ತರದ ಗೋಕಾಕ ಜಲಪಾತವನ್ನು ಹತ್ತಿ ಹೋಗುವ ಮೀನಿಲ್ಲ. ಅಣೆಕಟ್ಟುಗಳಿಗೆ ಎಷ್ಟೋ ಸಾವಿರ ವರ್ಷಗಳ ಮೊದಲೇ ಘಟಪ್ರಭೆ ಮೇಲಿನ ಹೊಳೆ, ಕೆಳಗಿನ ಹೊಳೆ ಎಂದು ಎರಡಾಗಿತ್ತು. ಆದರೆ ಈ ಎರಡೂ ತುಂಡುಗಳನ್ನು ಮನುಷ್ಯ ಮತ್ತೆ ಸಣ್ಣ ಸಣ್ಣ ತುಂಡು ಮಾಡಿದ್ದಾನೆ. ಮೇಲೆ ಹಿಡಕಲ್, ಅದರ ಕೆಳಗೆ ಧೂಪದಾಳ, ಜಲಪಾತದ ಕೆಳಗೆ ಸಾಲು ಸಾಲು ಬಾಂದಾರಗಳು. ಬೇಸಿಗೆಯಲ್ಲಿ ಬಾಂದಾರದ ಹಲಗೆ ಹಾಕಿದ ಮೇಲೆ ಹೊಳೆ ಹರಿಯುವುದನ್ನು ಬಿಟ್ಟು ಕೆರೆಗಳ ಸಾಲಾಗುತ್ತದೆ. ನಿಂತ ನೀರು ಕಾಯುತ್ತದೆ, ಪಾಚಿಗಟ್ಟುತ್ತದೆ. ಊರಿನ ಚರಂಡಿ, ಗದ್ದೆಯ ಗೊಬ್ಬರ ತೊಳೆದು ಬಂದ ನೀರು ಅದಕ್ಕೇ ಸೇರುತ್ತದೆ. ಹರಿಯುವ ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳಬಲ್ಲದು. ನಿಂತ ಹೊಳೆಗೆ ಆ ಶಕ್ತಿ ಇಲ್ಲ.

ಮೇಲಿನ ಹೊಳೆಯಲ್ಲಿ ಏನಿದೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ ಎಂಬುದಕ್ಕೆ ಆಂಬೋಲಿಯ ಉದಾಹರಣೆ ಸಾಕು. ಹಿರಣ್ಯಕೇಶಿಯ ಉಗಮದಲ್ಲಿರುವ ಮಹಾದೇವ ದೇವಸ್ಥಾನದ ಹೊಂಡದಲ್ಲಿ ವಿಜ್ಞಾನಕ್ಕೆ ಅಲ್ಲಿಯವರೆಗೆ ಗೊತ್ತಿಲ್ಲದ ಪುಟ್ಟ ಮೀನೊಂದು ಸಿಕ್ಕಿತು. 2020ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟು 'ಶಿಸ್ಟುರಾ ಹಿರಣ್ಯಕೇಶಿ' ಎಂದು ಕರೆದರು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಸ್ಥಳವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಜನ ದೇವರ ಹೊಂಡವೆಂದು ಕೆಡಿಸದೆ ಬಿಟ್ಟದ್ದರಿಂದ ಉಳಿದ ಜೀವ ಅದು. ಕೆಳಗಿನ ಹೊಳೆಗೆ ಅಂಥ ದೇವರ ಕಾವಲಿಲ್ಲ.

ಧೂಪದಾಳದ ಪಾಠ

ಹಾಗಾದರೆ ಮನುಷ್ಯ ಕಟ್ಟಿದ್ದೆಲ್ಲ ಪ್ರಕೃತಿಗೆ ವೈರಿಯೇ? ಅಲ್ಲ ಎನ್ನುತ್ತದೆ ಧೂಪದಾಳ.

ನೂರಕ್ಕೂ ಹೆಚ್ಚು ವರ್ಷಗಳಿಂದ ಆ ಒಡ್ಡಿನ ಹಿಂದೆ ಹೂಳು ಕೂತಿದೆ. ನೀರಾವರಿ ಎಂಜಿನಿಯರನ ಕಣ್ಣಿಗೆ ಹೂಳು ಎಂದರೆ ನಷ್ಟ. ಆದರೆ ಅದೇ ಹೂಳು ಆಳವಿಲ್ಲದ ನೀರು, ಜೊಂಡು, ಸಣ್ಣ ನಡುಗಡ್ಡೆಗಳನ್ನು ಸೃಷ್ಟಿಸಿತು. ಹಕ್ಕಿಗಳು ಅದನ್ನು ಕಂಡುಕೊಂಡವು. 1974ರಲ್ಲಿ ಸರ್ಕಾರ ಈ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಿತು, ವಿಸ್ತೀರ್ಣ 29.78 ಚ.ಕಿ.ಮೀ. ಮಂಗೋಲಿಯಾ, ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡುವ ಡೆಮೊಸೆಲ್ ಕ್ರೇನ್‌ಗಳು ಹಿಮಾಲಯ ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ಯುರೋಪಿನ ಬಿಳಿ ಕೊಕ್ಕರೆಗೂ ಈ ತಾಣ ಪರಿಚಿತ.

ಬರಪರಿಹಾರದ ಕಾಲದ ಕಲ್ಲಿನ ಒಡ್ಡೊಂದು ಯಾರೂ ಯೋಜಿಸದೆಯೇ ಖಂಡಾಂತರ ಹಕ್ಕಿಗಳ ತಂಗುದಾಣವಾಯಿತು. ಇದರಿಂದ ತಿಳಿಯುವುದು ಇಷ್ಟು: ಜೀವಿಗಳಿಗೆ ಬೇಕಾದದ್ದು ಕಟ್ಟಡವಿಲ್ಲದ ಹೊಳೆಯೇ ಆಗಬೇಕೆಂದಿಲ್ಲ. ಬೇಕಾದ ಆಳ, ಬೇಕಾದ ಕಾಲದಲ್ಲಿ ಸಿಕ್ಕರೆ ಅವು ಹೊಂದಿಕೊಳ್ಳುತ್ತವೆ. ಆದರೆ ನೀರಿನ ಮಟ್ಟ ಹಠಾತ್ತನೆ ಏರಿದರೆ ಗೂಡು ಮುಳುಗುತ್ತದೆ. ಹಠಾತ್ತನೆ ಇಳಿದರೆ ಮೇವಿನ ಜಾಗ ಒಣಗಿ, ನಾಯಿ ನರಿಗಳು ನಡುಗಡ್ಡೆಗೆ ನಡೆದೇ ಹೋಗುತ್ತವೆ. ಹಿಡಕಲ್‌ನಲ್ಲಿ ಗೇಟು ತಿರುಗಿಸುವ ಕೈಯಲ್ಲಿ ಧೂಪದಾಳದ ಹಕ್ಕಿಯ ಗೂಡೂ ಇದೆ ಎಂಬುದು ಯೋಜನೆಯ ಪುಸ್ತಕದಲ್ಲಿ ಬರೆದಿಲ್ಲ. ಬರೆಯಬೇಕಾದದ್ದು ಅದನ್ನೇ.

ಮೂಡಲಗಿಯ ಬಿಳಿ ಮಣ್ಣು

ಪರಿಸರದ ಮಾತು ಹಕ್ಕಿ, ಮೀನಿಗೆ ಸಂಬಂಧಿಸಿದ್ದು, ರೈತನಿಗಲ್ಲ ಎಂದು ತಿಳಿಯುವವರು ಅರಭಾವಿ, ಮೂಡಲಗಿ ಕಡೆಯ ಎರೆ ಹೊಲಗಳನ್ನು ನೋಡಬೇಕು. ಬೇಸಿಗೆಯಲ್ಲಿ ಕೆಲವು ಹೊಲಗಳ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪದರ ಕಾಣುತ್ತದೆ. ಅದು ಸವುಳು. ಪಕ್ಕದಲ್ಲೇ ಕಾಲಿಟ್ಟರೆ ಹೂತುಹೋಗುವ ಹೊಲವಿದ್ದರೆ ಅದು ಜವುಳು. ಎರಡೂ ಒಂದೇ ತಾಯಿಯ ಮಕ್ಕಳು.

ಇದು ನಡೆಯುವ ಬಗೆ ಸರಳ. ಎರೆ ಮಣ್ಣು ನೀರನ್ನು ಹಿಡಿದಿಡುತ್ತದೆ, ಬೇಗ ಬಸಿಯಗೊಡುವುದಿಲ್ಲ. ಕಾಲುವೆಯಿಂದ ಸೋರಿದ ನೀರು, ಗದ್ದೆಗೆ ಮಿತಿಮೀರಿ ಬಿಟ್ಟ ನೀರು ಕೆಳಗೆ ಸೇರಿ ಅಂತರ್ಜಲದ ಮಟ್ಟ ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಅದು ನೆಲದ ಮಟ್ಟಕ್ಕೆ ಒಂದೆರಡು ಮೀಟರ್ ಹತ್ತಿರ ಬಂದಾಗ, ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಮಣ್ಣು ನೀರನ್ನು ಮೇಲೆಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ. ಅದರಲ್ಲಿದ್ದ ಉಪ್ಪು ಮೇಲೆಯೇ ಉಳಿಯುತ್ತದೆ. ಮೊದಲು ಇಳುವರಿ ಕುಸಿಯುತ್ತದೆ, ಆಮೇಲೆ ಬೀಜವೇ ಮೊಳೆಯುವುದಿಲ್ಲ.

ಇದಕ್ಕೆ ಕಬ್ಬಿನ ಪಾತ್ರ ದೊಡ್ಡದು. ಕಬ್ಬಿಗೆ ಒಂದು ಬೆಳೆಗೆ 1500ರಿಂದ 2500 ಮಿ.ಮೀ. ನೀರು ಬೇಕು. ಆರುನೂರು ಮಿ.ಮೀ. ಮಳೆಯೂ ಬಾರದ ನಾಡಿನಲ್ಲಿ ಉಳಿದದ್ದನ್ನೆಲ್ಲ ಹೊಳೆ, ಕಾಲುವೆ, ಬಾವಿಗಳೇ ಕೊಡಬೇಕು. ಆದರೆ ರೈತ ಕಬ್ಬಿಗೆ ಕೈಹಾಕಿದ್ದು ದುರಾಸೆಯಿಂದ ಎನ್ನುವುದು ಸರಿಯಲ್ಲ. ಜೋಳ, ಕಡಲೆಗೆ ಬೆಲೆಯ ಖಾತ್ರಿ ಇಲ್ಲ. ಕಬ್ಬಿಗೆ ಸರ್ಕಾರ ನಿಗದಿಪಡಿಸಿದ ದರವಿದೆ, ಹತ್ತಿರದಲ್ಲೇ ಕಾರ್ಖಾನೆ ಇದೆ. ನೀರಿಗೆ ಅಳತೆಯ ಬೆಲೆ ಇಲ್ಲದಿರುವಾಗ, ಬೆಳೆಗೆ ಬೆಲೆಯ ಭರವಸೆ ಇದೊಂದಕ್ಕೇ ಇರುವಾಗ ಯಾರೇ ಆದರೂ ಕಬ್ಬನ್ನೇ ಹಚ್ಚುತ್ತಾರೆ. ಕಾಲುವೆಯ ತಲೆಯಲ್ಲಿರುವವನ ಹೊಲ ಹೆಚ್ಚು ನೀರಿನಿಂದ ಕೆಡುತ್ತದೆ. ಕೊನೆಯಂಚಿನವನ ಹೊಲ ನೀರಿಲ್ಲದೆ ಒಣಗುತ್ತದೆ. ಹೊಳೆಯಿಂದ ಅತಿಯಾಗಿ ತೆಗೆದ ನೀರು ಹೊಳೆಗೂ ದಕ್ಕಲಿಲ್ಲ, ಹೊಲಕ್ಕೂ ಒಳಿತು ಮಾಡಲಿಲ್ಲ. ನದಿಯ ಆರೋಗ್ಯ, ರೈತನ ಹಿತ ಎಂಬವು ತಕ್ಕಡಿಯ ಎರಡು ತಟ್ಟೆಗಳೆಂದು ಹೇಳುವ ರೂಢಿಯಿದೆ. ಮೂಡಲಗಿಯ ಬಿಳಿ ಮಣ್ಣಿನಲ್ಲಿ ಅವೆರಡೂ ಒಂದೇ ತಟ್ಟೆಯಲ್ಲಿವೆ.

ಪೂರ ಬಂದಾಗ

ನೀರಿನ ಕೊರತೆ ಒಂದು ಮುಖವಾದರೆ ಪೂರ ಇನ್ನೊಂದು. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದ ತಗ್ಗಿನ ಭಾಗಗಳಿಗೆ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. 2021ರ ಜುಲೈನಲ್ಲಿ, 2024ರ ಜುಲೈನಲ್ಲಿ ಮತ್ತೆ ಅದೇ ಕಥೆ. ಸುಣಧೋಳಿ, ಅವರಾದಿ, ಢವಳೇಶ್ವರ ಮುಂತಾದ ನದಿಪಾತ್ರದ ಊರುಗಳಿಗೆ ಸೇತುವೆ ಮುಳುಗುವುದು ಮಳೆಗಾಲದ ವಾಡಿಕೆಯೇ ಆಗಿದೆ.

ಅಣೆಕಟ್ಟು ಇದ್ದೂ ಪೂರ ಏಕೆ ಎಂದು ಜನ ಕೇಳುತ್ತಾರೆ. ಹಿಡಕಲ್ ಹಿಡಿಯುವುದು ಘಟಪ್ರಭೆಯ ಮೇಲ್ಭಾಗದ ನೀರನ್ನು ಮಾತ್ರ. ಹಿರಣ್ಯಕೇಶಿ ಹಿಡಕಲ್‌ಗಿಂತ ಕೆಳಗೆ ಸೇರುತ್ತದೆ. ಮಾರ್ಕಂಡೇಯ ಗೋಕಾಕದ ಬಳಿ ಸೇರುತ್ತದೆ. ಮೂರೂ ಕಡೆ ಒಟ್ಟಿಗೆ ಮಳೆಯಾದರೆ ಮೂರೂ ನೀರು ಗೋಕಾಕದಲ್ಲಿ ಸಂಧಿಸುತ್ತವೆ. ಎರಡನೆಯ ಕಾರಣ, ಜಲಾಶಯ ನಡೆಸುವವರ ಇಕ್ಕಟ್ಟು. ಜುಲೈನಲ್ಲೇ ಪೂರ್ತಿ ತುಂಬಿಸಿಕೊಂಡರೆ ಆಗಸ್ಟ್ ಮಳೆಗೆ ಜಾಗವಿರುವುದಿಲ್ಲ. ಜಾಗ ಬಿಟ್ಟು ಕಾದರೆ, ಮಳೆ ಕೈಕೊಟ್ಟಾಗ 'ನೀರನ್ನು ಹೊಳೆಗೆ ಬಿಟ್ಟು ಹಾಳು ಮಾಡಿದರು' ಎಂಬ ಆಪಾದನೆ. ಪೂರದ ಬೈಗುಳಕ್ಕಿಂತ ಬರದ ಬೈಗುಳಕ್ಕೆ ಅಧಿಕಾರಿ ಹೆಚ್ಚು ಹೆದರುತ್ತಾನೆ. ಹಾಗಾಗಿ ಬೇಗ ತುಂಬಿಸುವ ಕಡೆಗೇ ಒಲವು.

ಇಲ್ಲಿಯೂ ಹೊಳೆಯ ಹಿತ, ಜನರ ಹಿತ ಬೇರೆಬೇರೆಯಲ್ಲ. ಜೂನ್, ಜುಲೈ ತಿಂಗಳಲ್ಲಿ ಒಳಹರಿವಿನ ಒಂದು ಭಾಗವನ್ನು ಆಗಾಗ ಬಿಡುತ್ತಾ ಹೋದರೆ ಮೀನಿಗೆ ಬೇಕಾದ ಕೆಂಪು ನೀರೂ ಸಿಗುತ್ತದೆ, ಆಗಸ್ಟ್ ಪೂರಕ್ಕೆ ಜಲಾಶಯದಲ್ಲಿ ಜಾಗವೂ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಘಟ್ಟದ ಮಳೆಯ ಮುನ್ಸೂಚನೆ, ಎರಡೂ ರಾಜ್ಯಗಳ ಎಂಜಿನಿಯರರ ನಡುವೆ ನಿತ್ಯದ ಮಾತುಕತೆ, ಮತ್ತು ಯಾವ ದಿನಾಂಕಕ್ಕೆ ಎಷ್ಟು ಮಟ್ಟ ಎಂಬ ನಿಯಮವನ್ನು ಜನರ ಮುಂದಿಡುವ ಧೈರ್ಯ.

ಹಂಚಿಕೆಯ ಪಟ್ಟಿಯಲ್ಲಿ ಇಲ್ಲದ ಹೆಸರು

ಕೃಷ್ಣಾ ಕೊಳ್ಳದ ನೀರನ್ನು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು 1976ರಲ್ಲಿ ಜಾರಿಗೆ ಬಂತು. 2060 ಟಿಎಂಸಿ ಅಡಿ ನೀರನ್ನು ಮೂರು ರಾಜ್ಯಗಳಿಗೆ ಹಂಚಿ, ಕರ್ನಾಟಕಕ್ಕೆ 700 ಟಿಎಂಸಿ ಅಡಿ ಕೊಟ್ಟ ತೀರ್ಪು ಅದು. ಆ ಕಾಲದ ಚಿಂತನೆಯಲ್ಲಿ ಪಾಲುದಾರರೆಂದರೆ ರಾಜ್ಯಗಳೇ. ಸಮುದ್ರಕ್ಕೆ ಹರಿದ ನೀರು ಪೋಲಾದ ನೀರು ಎಂಬುದು ಸಾಮಾನ್ಯ ನಂಬಿಕೆ. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ನ್ಯಾಯಮಂಡಳಿ 2010ರಲ್ಲಿ ನೀಡಿದ ತೀರ್ಪಿನಲ್ಲಿ ನದಿಯ ಕನಿಷ್ಠ ಹರಿವಿಗೆಂದೂ ಒಂದು ಪಾಲನ್ನು ತೆಗೆದಿರಿಸಿತು. ಪಾಲು ಚಿಕ್ಕದಿರಬಹುದು, ನದಿಯ ಹೆಸರು ಪಟ್ಟಿಗೆ ಸೇರಿದ್ದು ಚಿಕ್ಕ ಸಂಗತಿಯಲ್ಲ.

ನ್ಯಾಯಾಲಯಗಳೂ ಈ ದಾರಿಯಲ್ಲಿ ನಡೆದಿವೆ. 1999ರಲ್ಲಿ ಸುಪ್ರೀಂ ಕೋರ್ಟ್ ಯಮುನಾ ನದಿಯಲ್ಲಿ ಸೆಕೆಂಡಿಗೆ ಕನಿಷ್ಠ 10 ಘನ ಮೀಟರ್ ನೀರು ಹರಿಯಬೇಕೆಂದು ಹೇಳಿತು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬೇಸಿಗೆಯ ಸರಾಸರಿ ಹರಿವಿನ ಶೇ 15ರಿಂದ 20ರಷ್ಟನ್ನಾದರೂ ನದಿಗಳಲ್ಲಿ ಉಳಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. 2018ರಲ್ಲಿ ಕೇಂದ್ರ ಸರ್ಕಾರ ಗಂಗೆಯ ಮೇಲ್ಭಾಗಕ್ಕೆ ಋತುವಾರು ಕನಿಷ್ಠ ಹರಿವನ್ನು ನಿಗದಿಪಡಿಸಿತು. ಆದೇಶಗಳಿವೆ, ಗೇಟಿನ ಬಳಿ ಅಳೆದು ತೋರಿಸುವ ಪದ್ಧತಿ ಬೆಳೆಯಬೇಕಿದೆ.

ಹೊರಗಿನ ಜಗತ್ತಿನಲ್ಲೂ ಪ್ರಯೋಗಗಳು ನಡೆದಿವೆ. ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರವರೆಗೆ ಕೆಡವಿ ಸಾಲ್ಮನ್ ಮೀನಿಗೆ ದಾರಿ ಬಿಟ್ಟರು. ಲಕ್ಷಾಂತರ ಜನರ ಅನ್ನ ಅಣೆಕಟ್ಟನ್ನು ನಂಬಿರುವ ಘಟಪ್ರಭೆಗೆ ಅದು ಮಾದರಿಯಾಗದು. ಹೆಚ್ಚು ಹತ್ತಿರದ ಮಾದರಿ ಅದೇ ದೇಶದ ಕೊಲರಾಡೋ ನದಿಯದು. 1996ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಿಂದ ಒಂದು ವಾರ ಬೇಕೆಂದೇ ಪೂರದ ನೀರು ಬಿಟ್ಟು, ಕೆಳಗೆ ಸವೆದುಹೋಗಿದ್ದ ಮರಳ ದಂಡೆಗಳನ್ನು ಮತ್ತೆ ಕಟ್ಟುವ ಪ್ರಯೋಗ ಮಾಡಿದರು. ಅಣೆಕಟ್ಟು ಅಲ್ಲಿಯೇ ಇತ್ತು. ಬದಲಾದದ್ದು ಗೇಟಿನ ವೇಳಾಪಟ್ಟಿ.

ಒಂದು ಟಿಎಂಸಿಯ ಲೆಕ್ಕ

ಘಟಪ್ರಭೆಯಲ್ಲಿ ಇದಕ್ಕೆ ಎಷ್ಟು ನೀರು ಬೇಕಾದೀತು? ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡಬಹುದು. ಬೇಸಿಗೆಯ ನಾಲ್ಕು ತಿಂಗಳು, ಅಂದರೆ 120 ದಿನ, ಸೆಕೆಂಡಿಗೆ 100 ಘನ ಅಡಿಯಂತೆ ನೀರು ಬಿಟ್ಟರೆ ಒಟ್ಟು ಬೇಕಾಗುವುದು ಸುಮಾರು 1 ಟಿಎಂಸಿ ಅಡಿ. ಹಿಡಕಲ್ ಸಾಮರ್ಥ್ಯದ ಐವತ್ತರಲ್ಲಿ ಒಂದು ಪಾಲು. ಹೊಳೆಗೆ ನಿಜವಾಗಿ ಎಷ್ಟು ಬೇಕೆಂಬುದನ್ನು ನದಿಯ ಅಧ್ಯಯನ ಮಾಡಿದವರು ಹೇಳಬೇಕು. ಇದು ಪ್ರಮಾಣದ ಅಂದಾಜು ಕೊಡುವ ಉದಾಹರಣೆ ಮಾತ್ರ.

ಐವತ್ತರಲ್ಲೊಂದು ಪಾಲು ಎಂದಾಕ್ಷಣ ಸುಲಭವೆಂದು ತಿಳಿಯಬಾರದು. 1 ಟಿಎಂಸಿ ಅಡಿ ನೀರು, ಸೋರಿಕೆಯೇ ಇಲ್ಲವೆಂದುಕೊಂಡರೂ, ಸುಮಾರು 3500 ಎಕರೆ ಕಬ್ಬಿನ ನೀರು. ಅದನ್ನು ಹೊಳೆಗೆ ಬಿಡಿ ಎಂದರೆ ಯಾರದೋ ಗದ್ದೆಯಿಂದ ಕಿತ್ತುಕೊಂಡಂತೆಯೇ ಸರಿ. ಆ ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳದ ಪರಿಸರವಾದ ಬಯಲಲ್ಲಿ ನಿಲ್ಲದು.

ಉತ್ತರ ಇಲ್ಲದೆಯೂ ಇಲ್ಲ. ಹನಿ ನೀರಾವರಿಯಿಂದ ಕಬ್ಬಿನ ನೀರಿನಲ್ಲಿ ಮೂರರಲ್ಲೊಂದು ಪಾಲು ಉಳಿಯುವುದೆಂದು ಹಿಡಿದರೆ, ಹತ್ತೂವರೆ ಸಾವಿರ ಎಕರೆ ಕಬ್ಬಿಗೆ ಹನಿ ಕೊಳವೆ ಹಾಕಿದಲ್ಲಿ ಆ 1 ಟಿಎಂಸಿ ಅಡಿ ಯಾರ ಬೆಳೆಯನ್ನೂ ಒಣಗಿಸದೆ ಹೊರಬರುತ್ತದೆ. ಅಂತರ್ಜಲ ಮೇಲೇರುವುದು ನಿಧಾನವಾಗಿ ಸವುಳಿನ ಹಾವಳಿಯೂ ತಗ್ಗುತ್ತದೆ. ಜವುಳು ಹೊಲಗಳಿಗೆ ಬಸಿಗಾಲುವೆ, ನೆಲದೊಳಗಿನ ಬಸಿ ಕೊಳವೆಗಳು ಇದರ ಜೊತೆಗೇ ಬರಬೇಕು. ಇದರ ಖರ್ಚನ್ನು ಸಣ್ಣ ರೈತನ ತಲೆಗೆ ಕಟ್ಟುವಂತಿಲ್ಲ. ನದಿಯ ನೀರಿನಿಂದ ನಗರ, ಕಾರ್ಖಾನೆ, ವಿದ್ಯುತ್ ಎಲ್ಲವೂ ಲಾಭ ಪಡೆದಿರುವಾಗ ವೆಚ್ಚದಲ್ಲೂ ಅವು ಪಾಲುಗೊಳ್ಳುವುದು ನ್ಯಾಯ.

ಬಿಟ್ಟ ನೀರು ಹೊಳೆಯಲ್ಲೇ ಉಳಿಯುವಂತೆ ನೋಡುವುದು ಇನ್ನೊಂದು ಕಷ್ಟ. ಹಿಡಕಲ್‌ನಿಂದ ಹೊರಟ ನೀರು ಧೂಪದಾಳದಲ್ಲಿ ಕಾಲುವೆಗೆ ತಿರುಗಿದರೆ ಹೊಳೆಗೆ ಸಿಕ್ಕಂತಾಗಲಿಲ್ಲ. ಧೂಪದಾಳದ ಒಡ್ಡು ದಾಟಿ, ಜಲಪಾತ ಇಳಿದು ಹೋದದ್ದಷ್ಟೇ ಹೊಳೆಯ ಲೆಕ್ಕ. ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಹೊಳೆಗೆ ನೀರು ಬಿಟ್ಟಾಗ ನದಿ ದಂಡೆಯ ಪಂಪ್‌ಸೆಟ್ಟುಗಳಿಗೆ ಕರೆಂಟು ತೆಗೆಯುವುದು ಈ ಭಾಗದವರಿಗೆ ಹೊಸದಲ್ಲ. ಆ ಜಗಳ ಕಂಡವರಿಗೆ ಹೊಳೆಗೆ ಪಾಲು ಕೊಡಿಸುವುದು ಪೊಲೀಸರ ಕೆಲಸವಲ್ಲ, ಊರಿನವರ ಒಪ್ಪಿಗೆಯ ಕೆಲಸ ಎಂಬುದು ಗೊತ್ತು. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ರಾಜ್ಯದ ನೀರಾವರಿ ಕಾಯ್ದೆ 2000ದ ತಿದ್ದುಪಡಿಯಿಂದ ಜಾಗ ಕೊಟ್ಟಿದೆ. ನೀರು ಬಿಡುವ ದಿನಾಂಕ ನಿರ್ಧರಿಸುವ ಸಭೆಯಲ್ಲಿ ಕಾಲುವೆಯ ರೈತರ ಜೊತೆಗೆ ನದಿಪಾತ್ರದ ಊರಿನವರು, ಮೀನುಗಾರರು, ಪಕ್ಷಿಧಾಮ ನೋಡುವ ಅರಣ್ಯ ಇಲಾಖೆಯವರು ಕೂತರೆ ಪಾಲಿನ ಮಾತು ಮೊದಲಾಗುತ್ತದೆ.

ಈ ಮಾತು ಮುಂದೂಡುವಷ್ಟು ಕಾಲ ಇಲ್ಲ. ಹಿಡಕಲ್ ನೀರಿಗೆ ಹೊಸ ಹೊಸ ಕೈಗಳು ಚಾಚುತ್ತಿವೆ. ಧಾರವಾಡ ಕಡೆಯ ಕೈಗಾರಿಕೆಗಳಿಗೆ ಇಲ್ಲಿಂದ ನೀರು ಒಯ್ಯುವ ಯೋಜನೆಗೆ 2025ರಲ್ಲಿ ಬೆಳಗಾವಿಯಲ್ಲಿ ವಿರೋಧ ಎದ್ದದ್ದನ್ನು ಎಲ್ಲರೂ ಕಂಡಿದ್ದಾರೆ. ಪ್ರತಿ ಹೊಸ ಪಾಲುದಾರ ಬಂದಾಗಲೂ ಹಳೆಯವರು ತಮ್ಮ ಪಾಲನ್ನು ಕಾಯ್ದುಕೊಳ್ಳುತ್ತಾರೆ. ತನ್ನ ಪರವಾಗಿ ಮಾತನಾಡುವವರಿಲ್ಲದ ಹೊಳೆಯ ಪಾಲು ಮಾತ್ರ ಪ್ರತಿ ಸಲವೂ ಕರಗುತ್ತದೆ.

ಹುಟ್ಟಿದ ಮಕ್ಕಳಿಗೆಲ್ಲ ಆಸ್ತಿ ಹಂಚಿದ ಮೇಲೆ ತಾಯಿಯ ಜೀವನಾಂಶಕ್ಕೆಂದು ಒಂದು ತುಂಡು ಹೊಲವನ್ನು ಬೇರೆಯಾಗಿ ಬರೆದಿಡುವ ಪದ್ಧತಿ ಹಳ್ಳಿಗಳಲ್ಲಿದೆ. ಹೊಲ ಎಷ್ಟೇ ಚಿಕ್ಕದಿರಲಿ, ಆ ತುಂಡನ್ನು ಬಿಟ್ಟು ಪಾಲುಪತ್ರ ಬರೆಯುವವರನ್ನು ಊರು ಒಪ್ಪುವುದಿಲ್ಲ. ಘಟಪ್ರಭೆಯ ಪಾಲುಪತ್ರವನ್ನು ಹುಕ್ಕೇರಿ, ಗೋಕಾಕ, ಮೂಡಲಗಿಯ ಜನ ಒಮ್ಮೆ ಬಿಚ್ಚಿ ಓದಬೇಕಾಗಿದೆ. ಮುಂದಿನ ಏಪ್ರಿಲ್‌ನಲ್ಲಿ ಗೋಕಾಕದ ಬಂಡೆಯ ಮೇಲೆ ಒಂದು ತೆಳು ಎಳೆಯಷ್ಟಾದರೂ ನೀರು ಇಳಿದರೆ, ಹೊಳೆಯ ಹೆಸರು ಆ ಪತ್ರಕ್ಕೆ ಸೇರಿದೆ ಎಂದು ತಿಳಿಯಬಹುದು.